ಓದುಗರ ಪ್ರಶ್ನೆ: ಎಣ್ಣೆ ಕೊಡುವ ಕಲ್ಲು, ಕೊಡದ ಕಲ್ಲು

ಹಿಂದಿನ ಸಂಚಿಕೆಯಲ್ಲಿ ಬಿರುಕು ಕಣಿವೆಗಳ ಬಗ್ಗೆ ಬರೆದಿದ್ದೆ. ನೆಲ ಎರಡು ಕಡೆಗೆ ಎಳೆದಂತಾಗಿ, ನಡುವಿನ ಭಾಗ ಕುಸಿದು, ಅಲ್ಲಿ ನೀರು ನಿಂತು ಕೆಸರು ತುಂಬಿಕೊಳ್ಳುವ ಜಾಗಗಳು ಇವು. ನಮ್ಮ ಕೆಲಸದವರು ಇದನ್ನು ರಿಫ್ಟ್ ಬೇಸಿನ್ ಅಂತಲೇ ಕರೆಯುತ್ತಾರೆ. ಅಲ್ಲಿ ತೈಲ ಹುಟ್ಟುವ ಕಲ್ಲಿಗೆ ಮೂಲ ಶಿಲೆ ಅಂತ ಹೆಸರು. ಆ ಬರಹಕ್ಕೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಎತ್ತಿಕೊಂಡಿದ್ದೇನೆ. ನಾನು ಮೊದಲು ಬಾವಿ ಕೊರೆಯುವ ರಿಗ್ ಮೇಲೆ, ಆಮೇಲೆ ಲ್ಯಾಬ್‌ನಲ್ಲಿ ಕೆಲಸ ಮಾಡಿದವನು. ಹಾಗಾಗಿ ಪುಸ್ತಕದ ಮಾತಿಗಿಂತ ಕಲ್ಲಿನ ಚೂರಿನ ಮಾತೇ ಜಾಸ್ತಿ ಬರುತ್ತದೆ.

ಪ್ರಶ್ನೆ: ಸರ್, ನಾನು ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುತ್ತಿದ್ದೇನೆ. ರಿಫ್ಟ್ ಬೇಸಿನ್‌ನ ಒಂದು ಕಲ್ಪಿತ ಬಾವಿಯ ರಾಕ್-ಇವಾಲ್ ಹಾಳೆಯನ್ನು ಅಭ್ಯಾಸಕ್ಕೆ ಕೊಟ್ಟಿದ್ದರು. 1,200 ಮೀಟರ್‌ನ ಮಾದರಿಯಲ್ಲಿ ಸಾವಯವ ಇಂಗಾಲ, ಅಂದರೆ ಟಿಓಸಿ, ಶೇ 9. ನಾಲ್ಕು ಮಾದರಿಗಳಲ್ಲಿ ಅದೇ ಅತ್ಯುತ್ತಮ ಮೂಲ ಶಿಲೆ ಅಂತ ಬರೆದೆ. ಸೊನ್ನೆ ಬಂತು. ಹಾಳೆಯನ್ನು ಜೊತೆಗಿಟ್ಟಿದ್ದೇನೆ. ಏನು ತಪ್ಪಾಯಿತು? (ಒಬ್ಬ ವಿದ್ಯಾರ್ಥಿನಿ)

ಉತ್ತರ: ಸೊನ್ನೆ ಕೊಟ್ಟಿದ್ದು ಸ್ವಲ್ಪ ಜಾಸ್ತಿಯಾಯಿತಮ್ಮ. ಆದರೆ ಉತ್ತರಕ್ಕೆ ಗೀಟು ಹಾಕಿದ್ದು ಸರಿ. ಟಿಓಸಿ ಕಾಲಂ ಒಂದನ್ನೇ ನೋಡಿ ತೀರ್ಪು ಕೊಡುವುದು ಈ ಕೆಲಸದಲ್ಲಿ ಹಳೆಯ ಚಟ. ದೊಡ್ಡ ದೊಡ್ಡವರಿಗೂ ಬಿಟ್ಟಿಲ್ಲ.

ಮೊದಲು ಈ ರಾಕ್-ಇವಾಲ್ ಯಂತ್ರ ಏನು ಮಾಡುತ್ತದೆ ಅಂತ ನೋಡಿ. ಫ್ರಾನ್ಸಿನ ಪೆಟ್ರೋಲಿಯಂ ಸಂಸ್ಥೆಯವರು 1970ರ ದಶಕದಲ್ಲಿ ರೂಪಿಸಿದ್ದು ಇದು. ಕಲ್ಲಿನ ಪುಡಿ ಒಂದು ಚಿಟಿಕೆ ಸಾಕು, 100 ಮಿಲಿಗ್ರಾಂ ಒಳಗೇ. ಅದನ್ನು ಪುಟ್ಟ ಸ್ಟೀಲ್ ಬಟ್ಟಲಿಗೆ ಹಾಕಿ, ಗಾಳಿ ತಾಗದಂತೆ ಒಲೆಗೆ ಏರಿಸುತ್ತಾರೆ. 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲವು ನಿಮಿಷ ನಿಲ್ಲಿಸಿದಾಗ ಕಲ್ಲಿನಲ್ಲಿ ಈಗಾಗಲೇ ಹುಟ್ಟಿ ಕೂತಿರುವ ಎಣ್ಣೆ ಆವಿಯಾಗಿ ಹೊರಬರುತ್ತದೆ. ಪರದೆ ಮೇಲೆ ಒಂದು ಸಣ್ಣ ಗುಡ್ಡೆ ಏಳುತ್ತದೆ. ಅದು ಎಸ್1. ಆಮೇಲೆ ನಿಮಿಷಕ್ಕೆ 25 ಡಿಗ್ರಿಯಂತೆ ಬಿಸಿ ಏರಿಸುತ್ತಾ ಹೋಗುತ್ತಾರೆ. 400 ದಾಟಿದ ಮೇಲೆ ಕಲ್ಲಿನಲ್ಲಿರುವ ಕೆರೋಜೆನ್ ಒಡೆಯುತ್ತದೆ. ಕೆರೋಜೆನ್ ಅಂದರೆ ಸತ್ತ ಪಾಚಿ, ಗಿಡ, ಸೂಕ್ಷ್ಮಜೀವಿಗಳು ಹೂತು ಗಟ್ಟಿಯಾದ ವಸ್ತು. ಆಗ ಏಳುವ ಎರಡನೇ ಗುಡ್ಡೆ ಎಸ್2. ಇದು ಆ ಕಲ್ಲಿನಲ್ಲಿ ಇನ್ನೂ ಉಳಿದಿರುವ ಸಾಮರ್ಥ್ಯ. ಗುಡ್ಡೆಯ ನೆತ್ತಿ ಬರುವ ತಾಪಮಾನಕ್ಕೆ ಟಿಮ್ಯಾಕ್ಸ್ ಅಂತ ಹೆಸರು. ಕಲ್ಲು ಎಷ್ಟು ಬೆಂದಿದೆ ಅನ್ನುವುದಕ್ಕೆ ಅದು ಸೂಚನೆ. ಎಸ್2ನ್ನು ಟಿಓಸಿಯಿಂದ ಭಾಗಿಸಿ 100ರಿಂದ ಗುಣಿಸಿದರೆ ಹೈಡ್ರೋಜನ್ ಸೂಚ್ಯಂಕ, ಅಂದರೆ ಎಚ್‌ಐ, ಸಿಗುತ್ತದೆ. ಎಸ್1, ಎಸ್2 ಒಂದು ಗ್ರಾಂ ಕಲ್ಲಿಗೆ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ, ಎಚ್‌ಐ ಒಂದು ಗ್ರಾಂ ಇಂಗಾಲಕ್ಕೆ ಎಷ್ಟು ಮಿಲಿಗ್ರಾಂ ಅನ್ನುವ ಲೆಕ್ಕ.

ಈಗ ನಿಮ್ಮ 1,200 ಮೀಟರ್‌ಗೆ ಬನ್ನಿ. ಟಿಓಸಿ 9, ಎಸ್2 13. ಎಚ್‌ಐ 144. ಟಿಮ್ಯಾಕ್ಸ್ 422. ಇಂಗಾಲ ರಾಶಿ ಇದೆ, ಹೈಡ್ರೋಜನ್ ಇಲ್ಲ. ಇದು ಮರ, ಎಲೆ, ಕಡ್ಡಿ ಸೇರಿ ಆದ ಕಲ್ಲಿದ್ದಲು ಜಾತಿಯ ಶೇಲ್ (ಕೆಸರು ಗಟ್ಟಿಯಾಗಿ ಆದ ಕಲ್ಲು). ಇದರ ಕೆರೋಜೆನ್ ಟೈಪ್ 3 ಅಂತ ವರ್ಗ. ಚೆನ್ನಾಗಿ ಬೆಂದರೆ ಅನಿಲ ಕೊಡಬಹುದು, ಎಣ್ಣೆ ಕೊಡುವುದು ಕಷ್ಟ. ಅದೂ ಇಲ್ಲಿ ಬೆಂದೇ ಇಲ್ಲ. ಸಾಮಾನ್ಯವಾಗಿ ಟಿಮ್ಯಾಕ್ಸ್ 435 ದಾಟಿದರೆ ಮಾತ್ರ ಎಣ್ಣೆಯ ಮಾತು.

1,950 ಮೀಟರ್‌ನ ಮಾದರಿ ನೋಡಿ. ಟಿಓಸಿ 4.2 ಅಂತ ನೀವು ಎರಡನೇ ಸ್ಥಾನಕ್ಕೆ ತಳ್ಳಿದ್ದೀರಿ. ಎಸ್2 27.3, ಎಚ್‌ಐ 650. ಇದು ಟೈಪ್ 1. ಕೆರೆಯ ಪಾಚಿಯಿಂದ ಆದ ಕೆರೋಜೆನ್. ಇಂಗಾಲ ನಿಮ್ಮ ಮೇಲಿನ ಮಾದರಿಯ ಅರ್ಧಕ್ಕಿಂತ ಕಡಿಮೆ, ಎಣ್ಣೆಯ ಸಾಮರ್ಥ್ಯ ಎರಡು ಪಟ್ಟು. ಇದೇ ನಿಮ್ಮ ಮೂಲ ಶಿಲೆ. ಆದರೆ ಟಿಮ್ಯಾಕ್ಸ್ 441 ಇದೆಯಲ್ಲ, ಅದನ್ನು ನೋಡಿ ಬೆಂದಿದೆ ಅಂತ ಬರೆದುಬಿಡಬೇಡಿ. ಟೈಪ್ 1 ಕೆರೋಜೆನ್‌ನ ಬಂಧಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಹಸಿ ಇರುವಾಗಲೂ ಅದರ ಟಿಮ್ಯಾಕ್ಸ್ 440ರ ಆಸುಪಾಸಿನಲ್ಲೇ ನಿಂತಿರುತ್ತದೆ, ಬೆಂದ ಮೇಲೂ ಬೇಗ ಕದಲುವುದಿಲ್ಲ. ಅಂಥ ಕಡೆ ವಿಟ್ರಿನೈಟ್ ಹೊಳಪನ್ನು ಕೇಳಬೇಕು. ಮರದಿಂದ ಬಂದ ವಿಟ್ರಿನೈಟ್ ಕಣ ಬಿಸಿಯಾದಷ್ಟೂ ಬೆಳಕನ್ನು ಜಾಸ್ತಿ ಹಿಂತಿರುಗಿಸುತ್ತದೆ. ಹೊಳಪು ಶೇ 0.6 ಆಸುಪಾಸಿನಲ್ಲಿ ಎಣ್ಣೆ ಶುರು, ಶೇ 1.3ರ ಹತ್ತಿರ ಮುಕ್ತಾಯ. ನಿಮ್ಮ ಹಾಳೆಯಲ್ಲಿ ಈ ಆಳಕ್ಕೆ 0.5 ಇದೆ. ಅಂದರೆ ಕಲ್ಲು ಒಳ್ಳೆಯದು, ಇಲ್ಲಿ ಇನ್ನೂ ಹಸಿ.

2,400 ಮೀಟರ್‌ನದು ಕುತಂತ್ರಿ. ಟಿಓಸಿ 0.6, ಎಸ್1 2.1, ಎಸ್2 1.5, ಟಿಮ್ಯಾಕ್ಸ್ 428. ಬೇಯದ ಕಲ್ಲಿನಲ್ಲಿ ಎಸ್2ಗಿಂತ ಎಸ್1 ದೊಡ್ಡದು ಹೇಗೆ ಬಂತು? ಅದು ಅಲ್ಲಿ ಹುಟ್ಟಿದ್ದಲ್ಲ. ಬೇರೆ ಕಡೆಯಿಂದ ಹರಿದು ಬಂದ ಎಣ್ಣೆ ಇರಬೇಕು, ಇಲ್ಲವೇ ಮಡ್, ಅಂದರೆ ಕೊರೆಯುವಾಗ ಬಾವಿಯೊಳಗೆ ಹರಿಸುವ ಕೆಸರಿನಂಥ ದ್ರವ, ಸೇರಿರಬೇಕು. ಹಾಳೆ ತಯಾರಿಸಿದ ಮೇಷ್ಟ್ರು ಬೇಕಂತಲೇ ಇಟ್ಟಿದ್ದಾರೆ ಅನ್ನಿಸುತ್ತದೆ.

ಕೊನೆಯದು 3,300 ಮೀಟರ್. ಟಿಓಸಿ 1.9, ಎಚ್‌ಐ 90, ಟಿಮ್ಯಾಕ್ಸ್ 458, ಹೊಳಪು 1.1. ನೀವು ಇದಕ್ಕೆ ‘ಕಳಪೆ’ ಅಂತ ಬರೆದಿದ್ದೀರಿ. ಇಲ್ಲಿ ನನಗೂ ನಿಮ್ಮ ಮೇಷ್ಟ್ರಿಗೂ ಭಿನ್ನಾಭಿಪ್ರಾಯ ಬರಬಹುದು, ಆದರೆ ನಾನು ಮೊದಲು ಕೈ ಹಾಕುವುದು ಈ ಮಾದರಿಗೇ. ಇದು ಕಳಪೆ ಕಲ್ಲೋ, ಇಲ್ಲ ಕೊಡುವುದನ್ನೆಲ್ಲ ಕೊಟ್ಟು ಖಾಲಿಯಾದ ಕಲ್ಲೋ? ಹಾಳೆ ಹೇಳುವುದಿಲ್ಲ. ಇದೇ ಪದರ ಬೇಸಿನ್‌ನ ಅಂಚಿನಲ್ಲಿ, ಕಡಿಮೆ ಆಳದಲ್ಲಿ ಸಿಗುತ್ತದೆಯೇ ಅಂತ ಹುಡುಕಬೇಕು. ಅಲ್ಲಿ ಎಚ್‌ಐ 500 ಇದ್ದರೆ, ಇಲ್ಲಿ ಇಳಿದ 410 ಎಲ್ಲಿಗೆ ಹೋಯಿತು ಅನ್ನುವುದು ನಿಮಗೇ ಗೊತ್ತಾಗುತ್ತದೆ. ಎರಡೂ ಒಂದೇ ಪದರ ಅಂತ ಹೇಳುವುದು ಪರಾಗ ಕಣ, ಪಳೆಯುಳಿಕೆ, ಭೂಕಂಪನ ಸರ್ವೆಯ ಗೆರೆಗಳು. ರಸಾಯನದ ಹಾಳೆಯನ್ನು ಪದರಗಳ ನಕ್ಷೆ ಇಲ್ಲದೆ ಓದಬಾರದು ಅಂತ ನಾನು ಪದೇ ಪದೇ ಹೇಳುವುದು ಇದಕ್ಕೇ.

ಪ್ರಶ್ನೆ: ಪೆಟ್ರೋಲ್ ಡೈನೋಸಾರ್‌ಗಳಿಂದ ಬಂದಿದ್ದು ಅಂತ ನನ್ನ ಮಗ ವಾದ ಮಾಡುತ್ತಾನೆ. ನಿಜವೇ?

ಉತ್ತರ: ಅಲ್ಲ. ಪಾಚಿ, ಬ್ಯಾಕ್ಟೀರಿಯಾ, ಸ್ವಲ್ಪ ಮಟ್ಟಿಗೆ ಗಿಡಮರ. ಗುಜರಾತಿನ ಕ್ಯಾಂಬೆ ಬೇಸಿನ್‌ನಂಥ ಕಡೆ ಮುಖ್ಯ ಮೂಲ ಶಿಲೆ ಡೆಕ್ಕನ್ ಟ್ರ್ಯಾಪ್ ಲಾವಾದ ಮೇಲೆ ಕೂತಿದೆ. ಆ ಲಾವಾ ಉಕ್ಕಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ, ಡೈನೋಸಾರ್‌ಗಳು ಅಳಿದ ಕಾಲಕ್ಕೇ. ಅಂದರೆ ಮೂಲ ಶಿಲೆ ತಯಾರಾಗುವ ಹೊತ್ತಿಗೆ ಅವು ಇರಲೇ ಇಲ್ಲ. ಮಗನಿಗೆ ಅಷ್ಟು ಹೇಳಿ.

ಪ್ರಶ್ನೆ: ಬಿರುಕು ಕಣಿವೆಯ ಕೆರೆಗಳಲ್ಲಿ ಆದ ಕಲ್ಲು ಎಣ್ಣೆಗೆ ತುಂಬಾ ಒಳ್ಳೆಯದು ಅಂತ ಬರೆದಿದ್ದಿರಿ. ಕೆರೆ ಆಳವಾಗಿದ್ದರೆ ಸಾಕೇ? ಯಾವ ಹಂತದಲ್ಲಿ ಆಗುತ್ತದೆ ಅದು? (ನಿವೃತ್ತ ವಿಜ್ಞಾನ ಶಿಕ್ಷಕರು)

ಉತ್ತರ: ಒಳ್ಳೆಯ ಪ್ರಶ್ನೆ. ಆಳ ಒಂದೇ ಸಾಲದು. ಇದಕ್ಕೆ ಇವತ್ತಿಗೂ ನೀರು ತುಂಬಿಕೊಂಡು ನಿಂತಿರುವ ಎರಡು ಸಾಕ್ಷಿಗಳಿವೆ. ಪೂರ್ವ ಆಫ್ರಿಕಾದ ಟ್ಯಾಂಗನಿಕಾ ಸರೋವರ ಸುಮಾರು 1,470 ಮೀಟರ್ ಆಳ. ಸೈಬೀರಿಯಾದ ಬೈಕಲ್ ಅದಕ್ಕಿಂತ ಆಳ, 1,642 ಮೀಟರ್. ಎರಡೂ ರಿಫ್ಟ್ ಕೆರೆಗಳೇ. ಟ್ಯಾಂಗನಿಕಾದಲ್ಲಿ ಮೇಲಿನ ನೀರು ವರ್ಷವಿಡೀ ಬೆಚ್ಚಗೆ, ಹಗುರ. ಕೆಳಗಿನ ನೀರಿನ ಜೊತೆ ಬೆರೆಯುವುದೇ ಇಲ್ಲ ಅನ್ನಬಹುದು. ಸುಮಾರು 200 ಮೀಟರ್ ಕೆಳಗೆ ಇಳಿದರೆ ಆಮ್ಲಜನಕವೇ ಇಲ್ಲ. ಅಲ್ಲಿಗೆ ಬಿದ್ದ ಪಾಚಿಯನ್ನು ತಿನ್ನುವ ಹುಳುವಿಲ್ಲ, ಕೆದಕುವ ಜೀವಿ ಇಲ್ಲ. ಪದರ ಪದರವಾಗಿ ಕೂರುತ್ತದೆ. ಬೈಕಲ್‌ನಲ್ಲಿ ಹಾಗಲ್ಲ. ಅಲ್ಲಿ ತಣ್ಣನೆಯ ನೀರು ಆಮ್ಲಜನಕ ಹೊತ್ತುಕೊಂಡು ತಳದ ತನಕ ಇಳಿಯುತ್ತದೆ. ತಳದಲ್ಲೂ ಪ್ರಾಣಿಗಳಿವೆ. ಬಿದ್ದಿದ್ದನ್ನು ತಿಂದು ಮುಗಿಸುತ್ತವೆ. ಆಳ ಜಾಸ್ತಿ, ಲಾಭ ಕಡಿಮೆ.

ಹಂತದ ವಿಚಾರ. ರಿಫ್ಟ್ ಶುರುವಾಗುವಾಗ ಸ್ತರಭಂಗಗಳು, ಅಂದರೆ ನೆಲ ಸೀಳಿ ಒಂದು ಪಕ್ಕ ಜಾರಿದ ಬಿರುಕುಗಳು, ಚಿಕ್ಕವು, ಚದುರಿದವು. ನದಿಗಳು ಮರಳು, ಜಲ್ಲಿ ತಂದು ಸುರಿಯುತ್ತವೆ. ಈ ಕೆಳಗಿನ ಪದರಗಳಲ್ಲಿ ಸಾಮಾನ್ಯವಾಗಿ ಕೆಂಪು ಬಣ್ಣ ಕಾಣುತ್ತದೆ, ಕಬ್ಬಿಣಕ್ಕೆ ಆಮ್ಲಜನಕ ಸಿಕ್ಕಿದ ಗುರುತು. ಅಲ್ಲಿ ಮೂಲ ಶಿಲೆ ಹುಡುಕಬೇಡಿ. ಆಮೇಲೆ ಒಂದು ಕಡೆಯ ದೊಡ್ಡ ಸ್ತರಭಂಗ ಉಳಿದವನ್ನೆಲ್ಲ ನುಂಗಿ ತಾನೇ ಯಜಮಾನನಾಗುತ್ತದೆ. ನೆಲ ಅದರ ಪಕ್ಕಕ್ಕೆ ವಾಲಿ ಬೇಗ ಬೇಗ ಇಳಿಯುತ್ತದೆ. ನದಿಗಳು ತರುವ ಕೆಸರು ಆ ವೇಗಕ್ಕೆ ಸಾಲುವುದಿಲ್ಲ. ಅಂಚುಗಳು ಮೇಲೆದ್ದು ಎಷ್ಟೋ ನದಿಗಳು ಹೊರಗಡೆಗೇ ತಿರುಗಿಬಿಡುತ್ತವೆ. ಆಗ ಕೆರೆ ಆಳ, ಕೆಸರು ಕಮ್ಮಿ, ಪಾಚಿ ಜಾಸ್ತಿ. ಇದೇ ಸುಗ್ಗಿ ಕಾಲ. ಕೊನೆಗೆ ಇಳಿಯುವ ವೇಗ ತಗ್ಗುತ್ತದೆ, ಡೆಲ್ಟಾಗಳು ಮುಂದೊತ್ತಿ ಬಂದು ಕೆರೆ ಹೂಳುತ್ತದೆ, ಜೌಗು ಭೂಮಿಯಲ್ಲಿ ಕಲ್ಲಿದ್ದಲು ಆಗುತ್ತದೆ. ಮೇಲಿನ ವಿದ್ಯಾರ್ಥಿನಿಯ ಶೇ 9 ಟಿಓಸಿ ಬಂದಿದ್ದು ಇಂಥ ಕಡೆಯಿಂದಲೇ ಇರಬೇಕು.

ಎಲ್ಲ ರಿಫ್ಟ್‌ಗಳಲ್ಲೂ ಕೆರೆಯೇ ಆಗಬೇಕಿಲ್ಲ. ಉತ್ತರ ಸಮುದ್ರದಲ್ಲಿ, ಬ್ರಿಟನ್ ಮತ್ತು ನಾರ್ವೆ ನಡುವೆ, ರಿಫ್ಟ್ ಆಗುವ ಹೊತ್ತಿಗೆ ಸಮುದ್ರ ಒಳಗೆ ನುಗ್ಗಿತ್ತು. ಅಲ್ಲಿನ ಕಿಮ್ಮರಿಜ್ ಕ್ಲೇ ಜುರಾಸಿಕ್ ಕಾಲದ ಕೊನೆಯ ಭಾಗದ ಸಮುದ್ರ ತಳದ ಕೆಸರು. ಅದರ ಕೆರೋಜೆನ್ ಸಮುದ್ರದ ಪಾಚಿಯದು, ಟೈಪ್ 2. ಕ್ಯಾಂಬೆ ಶೇಲ್‌ನಲ್ಲಿ ನೆಲದ ಗಿಡಮರದ ಪಾಲೂ ಸೇರಿಕೊಂಡಿದೆ. ಒಂದು ಬೇಸಿನ್‌ನ ಲೆಕ್ಕ ಇನ್ನೊಂದಕ್ಕೆ ಸುಮ್ನೆ ಹಾಕಿಬಿಡುವಂತಿಲ್ಲ.

ಬಾವಿಯ ಲಾಗ್, ಅಂದರೆ ಬಾವಿಯೊಳಗೆ ಉಪಕರಣ ಇಳಿಸಿ ಆಳ ಆಳಕ್ಕೆ ಅಳೆದ ಗೆರೆ, ನೋಡುವವರಿಗೆ ಇಲ್ಲೊಂದು ಎಚ್ಚರಿಕೆ. ಕಿಮ್ಮರಿಜ್ ಕ್ಲೇ ಕಲ್ಲಿನ ವಿಕಿರಣ ಅಳೆಯುವ ಗಾಮಾ ಲಾಗ್‌ನಲ್ಲಿ ಥಟ್ಟನೆ ಗೊತ್ತಾಗುತ್ತದೆ, ಮುಳ್ಳು ಬಲಕ್ಕೆ ಹಾರುತ್ತದೆ. ಸಮುದ್ರದ ನೀರಿನಲ್ಲಿದ್ದ ಯುರೇನಿಯಂ ಸಾವಯವ ಕೆಸರಿಗೆ ಅಂಟಿಕೊಂಡಿದ್ದು ಕಾರಣ. ಅದಕ್ಕೇ ಅದನ್ನು ಹಾಟ್ ಶೇಲ್ ಅಂತಾರೆ. ಸಿಹಿನೀರಿನ ಕೆರೆಗಳಲ್ಲಿ ಯುರೇನಿಯಂ ಸಾಮಾನ್ಯವಾಗಿ ಕಡಿಮೆ. ಅಲ್ಲಿನ ಒಳ್ಳೊಳ್ಳೆ ಮೂಲ ಶಿಲೆಗಳೂ ಗಾಮಾದಲ್ಲಿ ಮಾಮೂಲಿ ಶೇಲ್ ಥರ ಕಾಣಬಹುದು. ಆಗ ಸೋನಿಕ್ (ಶಬ್ದ ಸಾಗುವ ವೇಗ) ಮತ್ತು ರೆಸಿಸ್ಟಿವಿಟಿ (ವಿದ್ಯುತ್ತಿಗೆ ಒಡ್ಡುವ ತಡೆ) ಲಾಗ್‌ಗಳನ್ನು ಒಂದರ ಮೇಲೊಂದು ಇಟ್ಟು ನೋಡಬೇಕು. ಸಾಮಾನ್ಯ ಶೇಲ್‌ನಲ್ಲಿ ಎರಡೂ ಗೆರೆ ಜೊತೆಗೆ ಓಡುತ್ತವೆ, ಸಾವಯವ ಶೇಲ್ ಬಂದ ಕಡೆ ದೂರವಾಗುತ್ತವೆ.

ಪ್ರಶ್ನೆ: ಎಣ್ಣೆ ಹಗುರ, ಮೇಲಕ್ಕೇ ಹೋಗುತ್ತದೆ ಅಂತೀರಿ. ಆದರೆ ರಾಜಸ್ಥಾನದ ಬಾಡ್ಮೇರ್ ಬೇಸಿನ್‌ನಲ್ಲಿ ಮೂಲ ಶಿಲೆ ಮೇಲಿದೆ, ಎಣ್ಣೆ ಸಿಕ್ಕ ಮರಳುಗಲ್ಲು ಅದರ ಕೆಳಗಿದೆ ಅಂತ ಓದಿದೆ. ಇದೇನು ತಮಾಷೆ?

ಉತ್ತರ: ತಮಾಷೆ ಏನಿಲ್ಲ. ಓದಿದ್ದೂ ಸರಿ, ಎಣ್ಣೆ ಮೇಲಕ್ಕೆ ಹೋಗುವುದೂ ಸರಿ. ಬಾಡ್ಮೇರ್ ಹಿಲ್ ಎಂಬ ಕೆರೆಯ ಶೇಲ್ ಮುಖ್ಯ ಮೂಲ ಶಿಲೆ. ಅದರ ಕೆಳಗೆ ಫತೇಗಢ ಮರಳುಗಲ್ಲು. 2004ರಲ್ಲಿ ಪತ್ತೆಯಾದ ಮಂಗಳಾ ಕ್ಷೇತ್ರದ ಎಣ್ಣೆ ಇರುವುದು ಫತೇಗಢದಲ್ಲಿ.

ಪದರಗಳು ಅಡ್ಡಡ್ಡ ಮಲಗಿವೆ ಅಂತ ಅಂದುಕೊಂಡರೆ ಗೊಂದಲ ಆಗುತ್ತದೆ. ಕಪಾಟಿನಲ್ಲಿ ಒಂದರ ಮೇಲೊಂದು ಓರೆಯಾಗಿ ವಾಲಿಕೊಂಡ ಪುಸ್ತಕಗಳನ್ನು ನೆನೆಸಿಕೊಳ್ಳಿ. ರಿಫ್ಟ್‌ನಲ್ಲಿ ನೆಲ ಹೀಗೆ ತುಂಡು ತುಂಡಾಗಿ ವಾಲುತ್ತದೆ. ಪ್ರತಿ ತುಂಡಿಗೂ ಒಂದು ಎತ್ತರದ ಮೂಲೆ, ಒಂದು ತಗ್ಗಿನ ಮೂಲೆ. ಬೇಸಿನ್‌ನ ನಡುವೆ ತಗ್ಗಿನಲ್ಲಿ ಮೂಲ ಶಿಲೆ ಆಳಕ್ಕೆ ಇಳಿದು ಬೇಯುತ್ತದೆ. ಪಕ್ಕದ ತುಂಡಿನ ಎತ್ತರದ ಮೂಲೆಯಲ್ಲಿ ಹಳೆಯ ಮರಳುಗಲ್ಲು ಅದಕ್ಕಿಂತ ಎಷ್ಟೋ ಮೇಲಿರುತ್ತದೆ. ಸ್ತರಭಂಗದ ಎದುರುಬದುರಿನಲ್ಲಿ ಎರಡೂ ಮುಟ್ಟುತ್ತವೆ. ಎಣ್ಣೆ ತಗ್ಗಿನ ಎಳೆಯ ಕಲ್ಲಿನಿಂದ ಎತ್ತರದ ಹಳೆಯ ಕಲ್ಲಿಗೆ ಹತ್ತುತ್ತದೆ. ವಯಸ್ಸಿನಲ್ಲಿ ಕೆಳಗೆ, ಆಳದಲ್ಲಿ ಮೇಲೆ. ಉತ್ತರ ಸಮುದ್ರದ ಬ್ರೆಂಟ್ ಕ್ಷೇತ್ರವೂ ಹೀಗೇ. ಕಿಮ್ಮರಿಜ್ ಕ್ಲೇ ಎಳೆಯದು, ಬ್ರೆಂಟ್ ಮರಳುಗಲ್ಲು ಅದಕ್ಕಿಂತ ಹಳೆಯದು.

ಪ್ರಶ್ನೆ: ಅದೇ ಬಾಡ್ಮೇರ್ ಎಣ್ಣೆಯ ಕೊಳವೆಯನ್ನು ದಾರಿಯುದ್ದಕ್ಕೂ ಬಿಸಿ ಮಾಡುತ್ತಾರಂತೆ. ಯಾಕೆ?

ಉತ್ತರ: ಮೇಣ. ಕೆರೆಯ ಪಾಚಿಯಿಂದ ಬರುವ ಎಣ್ಣೆಯಲ್ಲಿ ಉದ್ದುದ್ದ ಇಂಗಾಲದ ಸರಪಳಿಗಳು ಜಾಸ್ತಿ, ಗಂಧಕ ಕಡಿಮೆ. ಆ ಉದ್ದ ಸರಪಳಿಗಳೇ ಮೇಣ. ಮಂಗಳಾದ ಎಣ್ಣೆ ಆರುತ್ತಾ 40 ಡಿಗ್ರಿಗೆ ಇಳಿಯುವ ಮುಂಚೆಯೇ ಹರಿಯುವುದನ್ನು ನಿಲ್ಲಿಸುತ್ತದೆ. ಅಂದರೆ ಕೋಣೆಯ ಬಿಸಿಯಲ್ಲಿ ಬಾಟಲಿ ಬೋರಲು ಹಾಕಿದರೂ ಬೀಳುವುದಿಲ್ಲ, ಕಪ್ಪು ಮುದ್ದೆಯಾಗಿ ಕೂತಿರುತ್ತದೆ. ಹಾಗಾಗಿ ಅಲ್ಲಿಂದ ಗುಜರಾತಿನ ಕರಾವಳಿಗೆ ಸುಮಾರು 670 ಕಿ.ಮೀ. ಕೊಳವೆಗೆ ಬಿಸಿ ಹೊದಿಕೆ.

ಉಗಾಂಡದ ಆಲ್ಬರ್ಟ್ ಸರೋವರದ ಕೆಳಗೆ ಸಿಕ್ಕ ಎಣ್ಣೆಯದೂ ಇದೇ ಕಥೆ. ಅದೂ ಕೆರೆಯ ಕಲ್ಲು, ಅದೂ ರಿಫ್ಟ್, ಅದೂ ಮೇಣದ ಎಣ್ಣೆ. ಹೊಯಿಮಾದಿಂದ ತಾಂಜಾನಿಯದ ತಾಂಗಾ ಬಂದರಿಗೆ ರೂಪಿಸಿರುವ 1,443 ಕಿ.ಮೀ. ಕೊಳವೆಯನ್ನೂ ಬಿಸಿಯಾಗಿಯೇ ಇಡಬೇಕು. ಎರಡು ಖಂಡ, ಎರಡು ಕಾಲ. ಎಂಜಿನಿಯರ್‌ಗಳಿಗೆ ಮಾತ್ರ ಒಂದೇ ತಲೆನೋವು. ಪಾಚಿ ಯಾವುದು ಅನ್ನುವುದು ಕೊಳವೆಯ ಖರ್ಚಿನ ತನಕ ಬರುತ್ತದೆ ನೋಡಿ.

ಪ್ರಶ್ನೆ: ಸರ್, ರಿಗ್ ಮೇಲೆ ಹೊಸದಾಗಿ ಸೇರಿದ್ದೇನೆ. ಕಟಿಂಗ್ಸ್, ಅಂದರೆ ಕೊರೆಯುವಾಗ ಮೇಲೆ ಬರುವ ಕಲ್ಲಿನ ಚೂರು, ಅದರ ಮಾದರಿ ಎತ್ತಿ ಲ್ಯಾಬ್‌ಗೆ ಕಳಿಸುವ ಕೆಲಸ. ಕಳಿಸಿದ್ದೆಲ್ಲ ‘ಕಲುಷಿತ’ ಅಂತ ವಾಪಸ್ ಬರುತ್ತಿದೆ. ಲ್ಯಾಬ್‌ನವರು ಕಾರಣ ಹೇಳುವುದಿಲ್ಲ.

ಉತ್ತರ: ಲ್ಯಾಬ್‌ನವರಿಗೆ ರಿಗ್ ಗೊತ್ತಿಲ್ಲ, ರಿಗ್‌ನವರಿಗೆ ಲ್ಯಾಬ್ ಗೊತ್ತಿಲ್ಲ. ಈ ಜಗಳ ನಿಮ್ಮಿಂದ ಶುರುವಾಗಿದ್ದಲ್ಲ, ಬೇಜಾರು ಮಾಡ್ಕೋಬೇಡಿ.

ಮೊದಲು ಮಡ್ ಎಂಜಿನಿಯರ್ ಹತ್ತಿರ ಹೋಗಿ, ಮಡ್‌ಗೆ ಏನೇನು ಸುರಿದಿದ್ದಾರೆ, ಯಾವ ಆಳದಿಂದ ಸುರಿದಿದ್ದಾರೆ ಅಂತ ಬರೆದುಕೊಂಡು ಬನ್ನಿ. ಎಣ್ಣೆ ಬೆರೆತ ಮಡ್ ಇದ್ದರೆ ಎಸ್1 ಕೆಟ್ಟಿತು ಅಂತಲೇ ಲೆಕ್ಕ. ಲಿಗ್ನೈಟ್ ಪುಡಿ ಹಾಕಿದ್ದರೆ ಟಿಓಸಿ ಸುಳ್ಳು ಹೇಳುತ್ತದೆ. ಬಾವಿ ಮಡ್ ಕುಡಿಯುತ್ತಿದ್ದರೆ ತೂತು ಮುಚ್ಚಲು ಅಕ್ರೋಟಿನ ಚಿಪ್ಪಿನ ಪುಡಿ ಹಾಕಿರುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಅದು ಮರದ ಚೂರಿನ ಹಾಗೇ ಕಾಣುತ್ತದೆ. ಪೈಪ್ ತಿರುಪಿಗೆ ಹಚ್ಚುವ ಗ್ರೀಸ್ ಬೇರೆ ಇದೆ.

ಎರಡನೆಯದು ಮೇಲಿನಿಂದ ಉದುರಿದ ಚೂರು. ಬಾವಿಯ ಗೋಡೆ ಕಳಚಿ ಬಿದ್ದಿದ್ದನ್ನು ಕೆಳಗಿನ ಕಲ್ಲು ಅಂತ ಕಳಿಸಿಬಿಟ್ಟರೆ 3,000 ಮೀಟರ್ ಚೀಟಿ ಹಚ್ಚಿದ ಚೀಲದಲ್ಲಿ 1,200 ಮೀಟರ್‌ನ ಕಲ್ಲಿದ್ದಲು ಹೋಗಿರುತ್ತದೆ. ಉದುರಿದ ಚೂರು ಸಾಮಾನ್ಯವಾಗಿ ದೊಡ್ಡದು, ಸಿಬಿರಿನ ಹಾಗೆ ಉದ್ದ, ಸ್ವಲ್ಪ ಬಾಗಿರುತ್ತದೆ. ಬಿಟ್, ಅಂದರೆ ಕೊರೆಯುವ ಹಲ್ಲು, ಕಡಿದು ತಂದಿದ್ದು ಸಣ್ಣದು. ಹಾಗಂತ ತೀರಾ ಪುಡಿಯಾದದ್ದನ್ನೂ ನಂಬಬೇಡಿ. ಬಿಟ್ ಉಜ್ಜಿದ ಬಿಸಿಗೇ ಕೆಲವು ಚೂರು ಸುಟ್ಟಿರುತ್ತವೆ.

ಚೂರುಗಳನ್ನು ತೊಳೆದು, ಸುಮಾರು 40 ಡಿಗ್ರಿಯಲ್ಲಿ ಒಣಗಿಸಿ. ಜಾಸ್ತಿ ಬಿಸಿ ಬೇಡ. ಕಲ್ಲಿನ ಎಣ್ಣೆ ನಿಮ್ಮ ಒಲೆಯಲ್ಲೇ ಹಾರಿಹೋದರೆ ಲ್ಯಾಬ್ ಏನು ಅಳೆಯಬೇಕು? ಆಮೇಲೆ ಇಡೀ ಚೀಲ ಕಳಿಸುವ ಬದಲು ಚಿಮಟ ಹಿಡಿದು ಆರಿಸಿ. ಬೇಸರದ ಕೆಲಸ, ಕಣ್ಣು ಉರಿಯುತ್ತದೆ, ಆದರೆ ಇದಕ್ಕಿಂತ ಒಳ್ಳೆ ದಾರಿ ನನಗೆ ಕಂಡಿಲ್ಲ. ಕೆರೆಯ ಒಳ್ಳೆ ಮೂಲ ಶಿಲೆಯ ಚೂರು ಕೈಗೆ ಸಿಕ್ಕಿದರೆ ಗೊತ್ತಾಗುತ್ತದೆ. ಕಡು ಕಂದು, ಗಾತ್ರಕ್ಕೆ ಹಗುರ. ಅಂಚಿನಲ್ಲಿ ಕಾಗದದ ಕಟ್ಟಿನಂತೆ ತೆಳು ಪದರ. ಸೂಜಿಯಿಂದ ಗೀಚಿದರೆ ಬೂದು ಗೆರೆ ಬೀಳುವುದಿಲ್ಲ, ಕಂದು ಗೆರೆ ಬೀಳುತ್ತದೆ, ಸ್ವಲ್ಪ ಜಿಡ್ಡು ಹೊಳಪಿನೊಂದಿಗೆ. ಕಲ್ಲಿದ್ದಲಿನ ಚೂರು ಹೀಗಿರಲ್ಲ, ಪಳಪಳ ಹೊಳೆದು ಚೌಕ ಚೌಕವಾಗಿ ಒಡೆಯುತ್ತದೆ.

ನೇರಳಾತೀತ ದೀಪದ ಕೆಳಗೆ ಹೊಳೆದದ್ದೆಲ್ಲ ಎಣ್ಣೆಯಲ್ಲ. ಸುಣ್ಣಕಲ್ಲೂ ಹೊಳೆಯುತ್ತದೆ, ಮಡ್‌ನ ಎಣ್ಣೆಯೂ ಹೊಳೆಯುತ್ತದೆ. ಅನುಮಾನ ಬಂದ ಮಾದರಿಯನ್ನು ಬಿಸಾಕಬೇಡಿ, ‘ದ್ರಾವಕದಲ್ಲಿ ತೊಳೆದು ಎರಡನೇ ಸಲ ಓಡಿಸಿ’ ಅಂತ ಚೀಟಿಯಲ್ಲಿ ಬರೆದು ಕಳಿಸಿ. ಮೊದಲನೆಯದಕ್ಕೂ ಎರಡನೆಯದಕ್ಕೂ ಎಸ್2 ತುಂಬಾ ವ್ಯತ್ಯಾಸ ಬಂದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಮಡ್‌ನಲ್ಲಿ ಏನಿತ್ತು ಅನ್ನುವ ಪಟ್ಟಿಯನ್ನೂ ಅದರ ಜೊತೆಗೇ ಕಳಿಸಿ. ಅದೊಂದನ್ನು ಮಾಡಿದರೆ ಲ್ಯಾಬ್‌ನವರು ನಿಮ್ಮ ಜೊತೆ ಮಾತಾಡಲು ಶುರು ಮಾಡುತ್ತಾರೆ.

ಪ್ರಶ್ನೆ: ರಿಫ್ಟ್ ಅಂದರೆ ಭೂಮಿಯ ಚಿಪ್ಪು ತೆಳುವಾಗಿ ಕೆಳಗಿನ ಬಿಸಿ ಮೇಲೆ ಬಂದಿರುತ್ತದೆ. ಹಾಗಾದರೆ ಎಣ್ಣೆ ಬೇಗ ಆಗಬೇಕಲ್ವಾ?

ಉತ್ತರ: ಬಿಸಿ ಏರುತ್ತದೆ, ನಿಜ. ಬ್ರಿಟನ್ನಿನ ಭೂಭೌತ ವಿಜ್ಞಾನಿ ಡ್ಯಾನ್ ಮೆಕೆಂಜಿ 1978ರಲ್ಲಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಚಿಪ್ಪು ಹಿಗ್ಗಿದಷ್ಟೂ ಬಿಸಿ ಮೇಲೆ ಬರುತ್ತದೆ. ಹಿಗ್ಗುವುದು ನಿಂತ ಮೇಲೆ ಕೋಟ್ಯಂತರ ವರ್ಷ ನಿಧಾನಕ್ಕೆ ಆರುತ್ತದೆ, ಆರುತ್ತಾ ಬೇಸಿನ್ ಇನ್ನೂ ಇಳಿಯುತ್ತದೆ. ಆದರೆ ಬಿಸಿ ಜೋರಾಗಿರುವ ಹೊತ್ತಿಗೆ ಮೂಲ ಶಿಲೆ ಇನ್ನೂ ಮೇಲೆಯೇ ಇರುತ್ತದೆ, ಕೆಸರಾಗಿ. ಬೇಯಲು ಅದು ಆಳಕ್ಕೆ ಹೋಗಬೇಕು. ಆಳಕ್ಕೆ ಹೋಗುವ ಹೊತ್ತಿಗೆ ಬಿಸಿ ಇಳಿಯುತ್ತಿರುತ್ತದೆ. ಈ ಎರಡರ ಓಟದಲ್ಲಿ ಯಾವುದು ಮುಂದೆ ಅನ್ನುವುದರ ಮೇಲೆ ಎಲ್ಲವೂ ನಿಂತಿದೆ.

ಒರಟು ಲೆಕ್ಕ ಹಾಕೋಣ. ಮೇಲ್ಮೈಯಲ್ಲಿ 25 ಡಿಗ್ರಿ, ಕಿಲೋಮೀಟರ್‌ಗೆ 40 ಡಿಗ್ರಿ ಏರಿಕೆ ಇರುವ ಬಿಸಿ ಬೇಸಿನ್‌ನಲ್ಲಿ 2.5 ಕಿ.ಮೀ. ಆಳಕ್ಕೆ 125 ಡಿಗ್ರಿ. ಅದೇ 25 ಡಿಗ್ರಿ ಏರಿಕೆಯ ತಣ್ಣನೆಯ ಬೇಸಿನ್‌ನಲ್ಲಿ ಅಷ್ಟೇ ಬಿಸಿಗೆ 4 ಕಿ.ಮೀ. ಇಳಿಯಬೇಕು. ಕ್ಯಾಂಬೆ ಬೇಸಿನ್ ಬಿಸಿಯ ಕಡೆಗೆ ಸೇರಿದ್ದು. ಬೇಗ ಆಗುವುದೇ ಒಳ್ಳೆಯದು ಅಂತ ಮಾತ್ರ ಅಂದುಕೊಳ್ಳಬೇಡಿ. ಎಣ್ಣೆ ಹೊರಡುವ ಹೊತ್ತಿಗೆ ಅದನ್ನು ಹಿಡಿದಿಡುವ ರಚನೆ, ಮೇಲೆ ಮುಚ್ಚಳದಂಥ ಶೇಲ್, ಎರಡೂ ತಯಾರಿರಬೇಕು. ಇಲ್ಲದಿದ್ದರೆ ಬಂದದ್ದೆಲ್ಲ ನೆಲದ ಮೇಲಕ್ಕೆ ಸೋರಿ ಹೋಗುತ್ತದೆ.

ಪ್ರಶ್ನೆ: ಇಂಥ ಕಲ್ಲಿನ ಪದರ ಎಷ್ಟು ಎಣ್ಣೆ ಕೊಡಬಹುದು? ಅಂದಾಜಿಗೆ.

ಉತ್ತರ: ಒಂದು ಚದರ ಕಿಲೋಮೀಟರ್, 50 ಮೀಟರ್ ದಪ್ಪ ತಗೊಳ್ಳಿ. 5 ಕೋಟಿ ಘನ ಮೀಟರ್ ಕಲ್ಲು. ಸಾಂದ್ರತೆ 2.4 ಹಾಕಿದರೆ 12 ಕೋಟಿ ಟನ್. ಟಿಓಸಿ ಶೇ 4 ಅಂದರೆ 48 ಲಕ್ಷ ಟನ್ ಇಂಗಾಲ. ಬೆಂದು ಎಚ್‌ಐ 400ರಷ್ಟು ಇಳಿಯಿತು ಅನ್ನಿ. ಆಗ ಸುಮಾರು 19 ಲಕ್ಷ ಟನ್ ಎಣ್ಣೆ ಮತ್ತು ಅನಿಲ. ಕೇಳಲು ದೊಡ್ಡದು. ಅದರಲ್ಲಿ ಬಹುಪಾಲು ಕಲ್ಲಿನಲ್ಲೇ ಅಂಟಿಕೊಳ್ಳುತ್ತದೆ, ದಾರಿಯಲ್ಲಿ ಚದುರುತ್ತದೆ, ಸೋರುತ್ತದೆ. ಬಲೆಗೆ ಬೀಳುವುದು ಸಣ್ಣ ಪಾಲು. ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಜಾಸ್ತಿ ಕೈಕೊಡುವುದು ದಪ್ಪ. ಬಾವಿ ಕೊರೆದ ಕಡೆ 50 ಮೀಟರ್ ಸಿಕ್ಕಿದ್ದು ಸ್ತರಭಂಗದ ಪಕ್ಕದ ತಗ್ಗಿನಲ್ಲಿ 200 ಆಗಬಹುದು, ಎದುರಿನ ಇಳಿಜಾರಿನಲ್ಲಿ ಸೊನ್ನೆಯೂ ಆಗಬಹುದು.

ಪ್ರಶ್ನೆ: ಬಾವಿಯಲ್ಲಿ ಸಿಕ್ಕ ಎಣ್ಣೆ ಯಾವ ಕಲ್ಲಿನಿಂದ ಬಂತು ಅಂತ ಹೇಗೆ ಹೇಳುತ್ತೀರಿ? ಎಣ್ಣೆ ಮೇಲೆ ವಿಳಾಸ ಬರೆದಿರುತ್ತದೆಯೇ?

ಉತ್ತರ: ಒಂಥರಾ ಬರೆದಿರುತ್ತದೆ. ಜರ್ಮನಿಯ ಆಲ್ಫ್ರೆಡ್ ಟ್ರೈಬ್ಸ್ 1930ರ ದಶಕದಲ್ಲಿ ಕಚ್ಚಾ ಎಣ್ಣೆಯೊಳಗೆ ಪಾರ್ಫಿರಿನ್‌ಗಳನ್ನು ತೋರಿಸಿದರು. ಎಲೆಯ ಹಸಿರಿನ ಅಣುವಿನ ಅಸ್ಥಿಪಂಜರ ಅದು. ಎಣ್ಣೆ ಜೀವಿಗಳಿಂದಲೇ ಬಂದಿದ್ದು ಅನ್ನುವುದಕ್ಕೆ ಅಲ್ಲಿಂದ ಗಟ್ಟಿ ಸಾಕ್ಷಿ ಸಿಕ್ಕಿತು. ಈಗ ಇಂಥ ಅಣುಗಳ ದೊಡ್ಡ ಪಟ್ಟಿಯೇ ಇದೆ, ಬಯೋಮಾರ್ಕರ್ ಅಂತಾರೆ. ರಿಫ್ಟ್ ಬೇಸಿನ್‌ನಲ್ಲಿ ನಾನು ಮೊದಲು ಹುಡುಕುವುದು ಮೂರು. ಗ್ಯಾಮಾಸೆರೇನ್ ಜಾಸ್ತಿ ಇದ್ದರೆ ಆ ಕೆರೆಯ ನೀರು ಮೇಲೆ ಕೆಳಗೆ ಬೆರೆಯದೆ ಪದರವಾಗಿ ನಿಂತಿತ್ತು ಅಂತ ಅರ್ಥ. ಬಾಟ್ರಿಯೋಕಾಕೇನ್ ಸಿಕ್ಕಿದರೆ ಅದು ಬಾಟ್ರಿಯೋಕಾಕಸ್ ಅನ್ನುವ ಕೆರೆಯ ಪಾಚಿಯದ್ದೇ. ಓಲಿಯನೇನ್ ಹೂಬಿಡುವ ಗಿಡಗಳಿಂದ ಬರುತ್ತದೆ, ಆದ್ದರಿಂದ ಅದು ಧಾರಾಳವಾಗಿದ್ದರೆ ಮೂಲ ಶಿಲೆ ಕ್ರಿಟೇಶಿಯಸ್ (ಡೈನೋಸಾರ್‌ಗಳ ಕೊನೆಯ ಯುಗ) ಅಥವಾ ಅದಕ್ಕಿಂತ ಎಳೆಯದು.

ಇದು ಇಷ್ಟು ಬೇಕಾಗುವುದಕ್ಕೆ ಕಾರಣ ಇದೆ. ಬಾವಿ ಕೊರೆಯುವುದು ಎತ್ತರದ ಮೂಲೆಗಳಲ್ಲಿ, ಎಣ್ಣೆ ಅಲ್ಲಿ ಸೇರುತ್ತದೆ ಅಂತ. ಅತ್ಯುತ್ತಮ ಮೂಲ ಶಿಲೆ ಇರುವುದು ತಗ್ಗಿನಲ್ಲಿ, ಅಲ್ಲಿ ಯಾರೂ ದುಡ್ಡು ಹಾಕಿ ಕೊರೆಯುವುದಿಲ್ಲ. ಹಾಗಾಗಿ ಎಷ್ಟೋ ಬೇಸಿನ್‌ಗಳಲ್ಲಿ ಎಣ್ಣೆ ಕೈಗೆ ಸಿಕ್ಕಿದೆ, ಅದನ್ನು ಹೆತ್ತ ಕಲ್ಲು ಸಿಕ್ಕಿಲ್ಲ. ಎಣ್ಣೆಯ ಬಯೋಮಾರ್ಕರ್ ನೋಡಿ ಆ ಕಾಣದ ಕಲ್ಲಿನ ಬಗ್ಗೆ ಮಾತಾಡಬೇಕಾಗುತ್ತದೆ. ಬೇಸಿನ್ ಅಂಚಿನ ಶೇಲ್‌ನಲ್ಲಿ ಎಚ್‌ಐ 150 ಬಂತು, ಇಲ್ಲಿ ಮೂಲ ಶಿಲೆಯೇ ಇಲ್ಲ ಅಂತ ಕೈತೊಳೆದುಕೊಳ್ಳುವ ಮುಂಚೆ, ಪಕ್ಕದ ಬಾವಿಯ ಎಣ್ಣೆಯ ಒಂದು ಸಣ್ಣ ಮಾದರಿಯನ್ನಾದರೂ ಪರೀಕ್ಷೆಗೆ ಕಳಿಸಿ. ಗಾಜಿನ ಬಾಟಲಿಯಲ್ಲಿ ಕಳಿಸಿ, ಮುಚ್ಚಳದ ಒಳಗೆ ಟೆಫ್ಲಾನ್ ಇರಲಿ. ಪ್ಲಾಸ್ಟಿಕ್ ಡಬ್ಬಿ ಬೇಡ. ಅದರಿಂದ ಬಿಡುವ ಥ್ಯಾಲೇಟ್ (ಪ್ಲಾಸ್ಟಿಕ್ ಮೆತ್ತಗಾಗಿಸುವ ರಾಸಾಯನಿಕ) ಚಾರ್ಟ್‌ನ ನಟ್ಟನಡುವೆ ಬಂದು ಕೂತುಬಿಡುತ್ತದೆ.